ಚಿಕ್ಕಮ್ಮ ಬಿಗಿದ ಹರಳು

ಸಡಿಲವಾದ ಸ್ಕ್ರೂ ಕಣ್ಣಿಗೆ ಬಿದ್ದರೆ ಚಿಕ್ಕಮ್ಮನಿಗೆ ಕೈಕಟ್ಟಿ ಕೂರಲು ಆಗುತ್ತಿರಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು, ತಲೆಯ ಮೇಲಿನ ದೀಪ ತಾನೇ ತಾನಾಗಿ ಕೆಳಗೆ ಜಾರುತ್ತಿರುವುದನ್ನು ಕಂಡು, ಬಾಯಲ್ಲಿ ಹತ್ತಿ ಇದ್ದಂತೆಯೇ ಎದ್ದು ಅದರ ಕೀಲು ಬಿಗಿಮಾಡಿ ಮತ್ತೆ ಮಲಗಿದ್ದಳು. ಡಾಕ್ಟರು ಹತ್ತಿ ಬದಲಿಸಿ ಕೆಲಸ ಮುಂದುವರಿಸಿದರು. ಆ ದೀಪ ಎರಡು ವರ್ಷದಿಂದ ಅವರ ನೆತ್ತಿಗೆ ಹೊಡೆಯುತ್ತಿತ್ತು.

ಅವಳದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್, ಬ್ರೇಕು, ಚೈನು ಎಲ್ಲವನ್ನೂ ನೋಡುತ್ತಿದ್ದಳಾದರೂ ಹೆಸರು ಮಾಡಿದ್ದು ಚಕ್ರದ ಡೊಂಕು ತೆಗೆಯುವುದರಲ್ಲಿ. ಗುಂಡಿಗೆ ಬಿದ್ದು, ನೆನೆದು ಒಣಗಿದ ರಟ್ಟಿನಂತೆ ಸೊಟ್ಟಗಾದ ಚಕ್ರವನ್ನು ಯಾರಾದರೂ ಹೊತ್ತು ತಂದರೆ, ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಸಲ ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಕೇಳುವಳು. ಆಮೇಲೆ ಈ ಕಡೆಯ ಸ್ಪೋಕಿಗೆ ಅರ್ಧ ತಿರುವು, ಆ ಕಡೆಯದಕ್ಕೆ ಕಾಲು ತಿರುವು. ಒಂದನ್ನು ಬಿಗಿದರೆ ಎದುರಿನದರ ಅಭಿಪ್ರಾಯವನ್ನೂ ಕೇಳಬೇಕು ಎನ್ನುವುದು ಅವಳ ಶಾಸ್ತ್ರ. ಗಂಡಸರ ವಿಷಯದಲ್ಲೂ ಇದೇ ಮಾತು ಹೇಳುತ್ತಿದ್ದಳು, ಆದರೆ ಮದುವೆಯಾಗಿರಲಿಲ್ಲ.

ಅವಳ ಅಕ್ಕನ ಮಗಳಿಗೆ ಮನೆಯಲ್ಲಿ ಪುಟ್ಟಿ ಎಂದು ಹೆಸರು. ಪುಟ್ಟಿಗೆ ಮೂವತ್ತಾರು ವರ್ಷ. ದೂರದೂರಿನ ಪ್ರಯೋಗಾಲಯದಲ್ಲಿ ವಿಜ್ಞಾನಿ. ಅವಳು ಅಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನೆಂಟರೆಲ್ಲ ‘ಏನೋ ಕಲ್ಲು ಹಿಂಡುತ್ತಾಳೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಮಾತು ಬದಲಿಸುತ್ತಿದ್ದರು. ಚಿಕ್ಕಮ್ಮನ ಊರಿನಿಂದ ನಲವತ್ತು ನಿಮಿಷದ ಬಸ್ ದಾರಿಯಲ್ಲಿ ಒಂದು ದೊಡ್ಡ ಎಕ್ಸ್‌ರೇ ಕೇಂದ್ರವಿತ್ತು. ಅಲ್ಲಿ ಒಂದೇ ಒಂದು ದಿನದ ಅವಕಾಶಕ್ಕಾಗಿ ಪುಟ್ಟಿ ಅರ್ಜಿ ಹಾಕಿ ಎಂಟು ತಿಂಗಳು ಕಾದಿದ್ದಳು. ಅವಕಾಶ ಸಿಕ್ಕಿತು. ಹಿಂದಿನ ದಿನ ಸಂಜೆಯೇ ಬಂದು ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡಳು.

ಬಂದವಳೇ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದು ಊಟದ ಮೇಜಿನ ಮೇಲಿಟ್ಟಳು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಉಕ್ಕಿನ ಉರುಳೆ, ತಲೆಯ ಮೇಲೆ ನಾಲ್ಕು ಸ್ಕ್ರೂ. ಒಳಗೆ ಎರಡು ವಜ್ರಗಳು ಮೂತಿಗೆ ಮೂತಿ ತಾಗಿಸಿಕೊಂಡು ಕೂತಿವೆ ಎಂದಳು. ಅವುಗಳ ನಡುವೆ ತೆಳ್ಳನೆಯ ಉಕ್ಕಿನ ತಗಡು, ತಗಡಿನಲ್ಲಿ ಸೂಜಿಮೊನೆಗಿಂತ ಸಣ್ಣ ತೂತು, ತೂತಿನಲ್ಲಿ ಒಂದು ತೊಟ್ಟು ಎಣ್ಣೆ, ಎಣ್ಣೆಯಲ್ಲಿ ಒಂದು ಕರಿ ಹರಳು. ಹರಳು ನಿಕ್ಕಲ್ ಮತ್ತು ಆಮ್ಲಜನಕ ಸೇರಿದ್ದು, ಜೊತೆಗೆ ಲ್ಯಾಂಥನಮ್ ಎಂಬ ಇನ್ನೊಂದು ಲೋಹ. ಚಿಕ್ಕಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಆದರೂ ಚೆನ್ನಾಗಿದೆ ಎಂದಳು, ಅಕ್ಕನ ಮಗಳಲ್ಲವೇ.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿದ್ದಕ್ಕೆ ಪುಟ್ಟಿ ಹುರುಪಿನಿಂದ ವಿವರಿಸಿದಳು. ಆ ಹರಳಿನೊಳಗೆ ಆಮ್ಲಜನಕದ ಪರಮಾಣುಗಳು ಎಂಟು ಮುಖದ ಪುಟ್ಟ ಗೂಡು ಕಟ್ಟಿರುತ್ತವೆ, ಪ್ರತಿ ಗೂಡಿನ ನಟ್ಟನಡುವೆ ಒಂದು ನಿಕ್ಕಲ್. ಗೂಡುಗಳು ಎರಡೆರಡು ಅಂತಸ್ತಾಗಿ ಜೋಡಿಸಿಕೊಂಡಿರುತ್ತವೆ. ಆದರೆ ನೆಟ್ಟಗೆ ನಿಂತಿರುವುದಿಲ್ಲ, ಒಂದು ಆ ಕಡೆ ವಾಲಿದರೆ ಮೇಲಿನದು ಈ ಕಡೆ ವಾಲಿರುತ್ತದೆ. ಇದನ್ನು ವಜ್ರಗಳ ನಡುವೆ ಇಟ್ಟು ಒತ್ತುತ್ತ ಹೋದರೆ, ಒಂದು ಹಂತದಲ್ಲಿ ಗೂಡುಗಳೆಲ್ಲ ಸೆಟೆದು ನಿಲ್ಲುತ್ತವೆ. ಹಾಗೆ ನಿಂತ ಹರಳನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಕರೆಂಟು ಒಂದಿಷ್ಟೂ ಸೋರದೆ, ಬಿಸಿಯಾಗದೆ ಅದರಲ್ಲಿ ಹರಿಯುತ್ತದೆ.

“ಅಂದ್ರೆ ಡೊಂಕು ತೆಗೀತೀರಿ,” ಎಂದಳು ಚಿಕ್ಕಮ್ಮ.

ಪುಟ್ಟಿ ಒಂದು ಕ್ಷಣ ಯೋಚಿಸಿ, ಹೌದು, ಅಷ್ಟೇ ಎಂದಳು. ಹನ್ನೊಂದು ವರ್ಷದ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸಿದ್ದು ಅವಳಿಗೆ ಸ್ವಲ್ಪ ಬೇಜಾರಾದಂತಿತ್ತು. ಮೇಜಿನ ಮೇಲಿನದು ಬಹಳ ಬೆಲೆಬಾಳುವ ವಸ್ತು, ದಯವಿಟ್ಟು ಬೀಳಿಸಬೇಡ ಎಂದು ಹೇಳಿ ಮಲಗಲು ಹೋದಳು.

ಬೀಳಿಸಬೇಡ ಎಂದಳೇ ಹೊರತು ಬಿಗಿಮಾಡಬೇಡ ಎನ್ನಲಿಲ್ಲ. ಎಡವಟ್ಟಾದದ್ದು ಅಲ್ಲಿ.

ಬೆಳಿಗ್ಗೆ ಪುಟ್ಟಿ ಸ್ನಾನಕ್ಕೆ ಹೋದಾಗ ಚಿಕ್ಕಮ್ಮ ಮೇಜು ಒರೆಸುತ್ತಿದ್ದಳು. ಉರುಳೆಯನ್ನು ಜೋಪಾನವಾಗಿ ಎತ್ತಿ ಪಕ್ಕಕ್ಕಿಡುವಾಗ ಹೆಬ್ಬೆರಳು ಒಂದು ಸ್ಕ್ರೂವಿಗೆ ತಾಗಿತು. ಸ್ಕ್ರೂ ಸರಕ್ಕನೆ ತಿರುಗಿತು. ಚಿಕ್ಕಮ್ಮ ಉಳಿದ ಮೂರನ್ನೂ ಮುಟ್ಟಿ ನೋಡಿದಳು, ಎಲ್ಲವೂ ಸಡಿಲ. ಇಷ್ಟು ಓದಿದ ಹುಡುಗಿ, ವಜ್ರ ಹಾಕಿದ ಡಬ್ಬಿಯನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದಾಳೆ, ಬಸ್ಸಿನ ಕುಲುಕಾಟಕ್ಕೆ ನಾಲ್ಕೂ ಉದುರಿದರೆ ಗತಿಯೇನು ಎಂದುಕೊಂಡಳು. ಏಪ್ರನ್ನಿನ ಜೇಬಿನಲ್ಲಿ ಸ್ಕ್ರೂ ತಿರುಗಿಸುವ ಆರು ಮೂಲೆಯ ಅಲೆನ್ ಕೀಗಳ ಗೊಂಚಲು ಇದ್ದೇ ಇತ್ತು. ಮೂರನೆಯದು ಸರಿಯಾಗಿ ಕೂತಿತು.

ಮೊದಲ ಸ್ಕ್ರೂ ಬಲಕ್ಕೆ ತಿರುಗಿಸಿದಾಗ ಬಿಗಿಯಾಯಿತು. ಎದುರಿನದೂ ಬಲಕ್ಕೆ. ಪಕ್ಕದ ಎರಡು ಮಾತ್ರ ಬಲಕ್ಕೆ ತಿರುಗಿಸಿದಷ್ಟೂ ಸಡಿಲವಾದವು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಚಿಕ್ಕಮ್ಮ ನಕ್ಕಳು. ಸೈಕಲ್ಲಿನ ಎಡ ಪೆಡಲಿಗೂ ಹೀಗೇ ಉಲ್ಟಾ ಥ್ರೆಡ್ ಇರುತ್ತದೆ. ಎರಡು ಬಲ, ಎರಡು ಎಡ ಇದ್ದರೆ ಬಿಗಿಯುವಾಗ ಉರುಳೆ ಯಾವ ಕಡೆಗೂ ತಿರುಚಿಕೊಳ್ಳುವುದಿಲ್ಲ. ಇದನ್ನು ಮಾಡಿದವನು ಬುದ್ಧಿವಂತ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿದಳು. ಆಮೇಲೆ ಎದುರುಬದುರು ಎಂಟನೇ ಒಂದು ತಿರುವಿನಂತೆ ನಾಲ್ಕನ್ನೂ ಸುತ್ತುತ್ತ ಹೋದಳು. ಕೈಗೆ ಸಾಕೆನಿಸಿದಾಗ ನಿಲ್ಲಿಸಿದಳು. ಟವೆಲ್ ಸುತ್ತಿಟ್ಟು ಚಹಾ ಕಾಯಿಸಲು ಹೋದಳು. ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಚಾಳಿ ಅವಳಿಗೆ ಇರಲಿಲ್ಲ.

ಮಧ್ಯಾಹ್ನದ ಊಟದ ಡಬ್ಬಿ ಹೊತ್ತುಕೊಂಡು, ಕೇಂದ್ರವನ್ನೂ ಒಂದು ಸಲ ನೋಡಿದ ಹಾಗಾಯಿತು ಎಂದು ಅವಳೂ ಹೊರಟಳು. ಬಸ್ಸಿನಲ್ಲಿ ಪುಟ್ಟಿ ದಿನದ ಯೋಜನೆ ಹೇಳಿದಳು. ಒತ್ತಡ ಈಗ ಸೊನ್ನೆ. ಮೊದಲು ಡೊಂಕು ಹರಳಿನದೊಂದು ಎಕ್ಸ್‌ರೇ ಚಿತ್ರ. ಆಮೇಲೆ ಸ್ಕ್ರೂಗಳನ್ನು ಚೂರುಚೂರೇ ತಿರುಗಿಸುತ್ತ ಹೆಜ್ಜೆಹೆಜ್ಜೆಗೂ ಒಂದೊಂದು. ಗೂಡುಗಳು ಯಾವ ಒತ್ತಡದಲ್ಲಿ ಸೆಟೆಯುತ್ತವೆ ಎನ್ನುವುದೇ ಮುಖ್ಯ. ಆ ಸ್ಕ್ರೂಗಳ ಸಹವಾಸ ಮಾತ್ರ ಯಾರಿಗೂ ಬೇಡ ಎಂದಳು. ಅವಳ ಜೊತೆ ಕೆಲಸ ಮಾಡುವ ಉದ್ದಣ್ಣ ಎಂಬವನು ಒಂದು ಕಡೆ ಒಂದು ಕೂದಲಷ್ಟು ಹೆಚ್ಚು ತಿರುಗಿಸಿ ಮೂರು ಜೊತೆ ವಜ್ರ ಪುಡಿಮಾಡಿದ್ದ. ಅಂದಿನಿಂದ ಪ್ರಯೋಗಾಲಯ ನಡೆಸುವ ಅವರ ಮೇಷ್ಟ್ರು ಅವನಿಗೆ ನೀರಿನ ಬಾಟಲಿಯ ಮುಚ್ಚಳ ಹಾಕಲೂ ಬಿಡುತ್ತಿರಲಿಲ್ಲ.

ಚಿಕ್ಕಮ್ಮ ಮಡಿಲಲ್ಲಿದ್ದ ಊಟದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿದಳು. ಎರಡು ನಿಲ್ದಾಣ ಹೋದವು. ಮೂರನೆಯದರಲ್ಲಿ ತಡೆಯಲಾಗಲಿಲ್ಲ.

“ಒಂದು ಮಾತಿಗೆ ಕೇಳ್ತೀನಿ. ಯಾರಾದ್ರೂ ಗೊತ್ತಿಲ್ಲದವರು ಆ ಸ್ಕ್ರೂನ ಒಂಚೂರು ಬಿಗಿ ಮಾಡಿದ್ರೆ ಏನಾಗುತ್ತೆ?”

“ಯಾರು ಮಾಡ್ತಾರೆ?”

“ಯಾರೂ ಇಲ್ಲಪ್ಪ. ಲೋಕದಲ್ಲಿ ಎಂತೆಂಥವರೋ ಇರ್ತಾರೆ.”

ಪುಟ್ಟಿ ನಕ್ಕು, ವಜ್ರ ಒಡೆದು ಹರಳು ಹಿಟ್ಟಾಗುತ್ತದೆ, ಎಂಟು ತಿಂಗಳು ನೀರುಪಾಲು ಎಂದಳು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದಳು. ಈಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೊರಗೆ ಬಂದದ್ದು ಆಕಳಿಕೆ.

ಕೇಂದ್ರದ ಬಾಗಿಲಲ್ಲಿ ಅವಳ ಕೊರಳಿಗೆ ‘ಅತಿಥಿ’ ಎಂಬ ಬಿಲ್ಲೆ ಹಾಕಿದರು. ಒಳಗೆ ಬಳೆಯಂತೆ ಬಾಗಿದ ಉದ್ದನೆಯ ಹಜಾರ, ಅದರ ಮಗ್ಗುಲಲ್ಲಿ ಸೀಸದ ಗೋಡೆಯ ಕೋಣೆಗಳು. ಮೇಷ್ಟ್ರು ಮತ್ತು ಉದ್ದಣ್ಣ ಆಗಲೇ ಬಂದಿದ್ದರು. ಉದ್ದಣ್ಣ ಬಾಗಿಲಿಗೆಲ್ಲ ತಲೆ ತಗ್ಗಿಸಿ ತಗ್ಗಿಸಿ, ತಗ್ಗಿಸುವುದನ್ನೇ ರೂಢಿ ಮಾಡಿಕೊಂಡಿದ್ದ ಪಾಪದ ಮನುಷ್ಯ. ಮೇಷ್ಟ್ರು ಗಿಡ್ಡ. ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ. ಕೈಗೆ ಸಿಕ್ಕಿದ ಕಾಗದವನ್ನು ಮಡಚುತ್ತಿದ್ದರು. ಮಡಿಕೆ ಸಣ್ಣದಾದಷ್ಟೂ ಸಿಟ್ಟು ದೊಡ್ಡದೆಂದು ಶಿಷ್ಯರಿಗೆ ಗೊತ್ತಿತ್ತು.

ಯಂತ್ರ ನೋಡಿಕೊಳ್ಳುವ ಆಪರೇಟರ್ ಹೆಂಗಸು ಮೊದಲು ಒತ್ತಡ ಅಳೆಯಬೇಕೆಂದಳು. ಹರಳಿನ ಪಕ್ಕದಲ್ಲೇ ಮಾಣಿಕ್ಯದ ಒಂದು ಕಣ ಇರುತ್ತದೆ. ಅದಕ್ಕೆ ಹಸಿರು ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ, ಒತ್ತಡ ಹೆಚ್ಚಿದಂತೆ ಆ ಕೆಂಪು ಸರಿಯುತ್ತ ಹೋಗುತ್ತದೆ. ಎಷ್ಟು ಸರಿಯಿತು ಎನ್ನುವುದರಿಂದ ಲೆಕ್ಕ. ಬೆಳಕು ಬಿಟ್ಟರು. ಪರದೆಯ ಮೇಲೆ ಸೊನ್ನೆ ಬರಬೇಕಿದ್ದಲ್ಲಿ ಹದಿನಾರು ಪಾಯಿಂಟ್ ಎರಡು ಗಿಗಾಪಾಸ್ಕಲ್ ಎಂದು ಬಂತು. ತಲೆಯ ಮೇಲಿನ ಗಾಳಿಯ ಒತ್ತಡದ ಒಂದು ಲಕ್ಷ ಅರವತ್ತು ಸಾವಿರ ಪಟ್ಟು.

ಆಪರೇಟರ್ ಲೆನ್ಸು ಒರೆಸಿದಳು. ಹದಿನಾರು ಪಾಯಿಂಟ್ ಎರಡು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಳು. ಹದಿನಾರು ಪಾಯಿಂಟ್ ಎರಡು. ಮೇಷ್ಟ್ರು ಎರಡು ಬೆರಳಿಂದ ಯಂತ್ರದ ಪಕ್ಕೆಗೆ ತಟ್ಟಿದರು. ವಿಜ್ಞಾನದಲ್ಲೂ ಕಡೆಗೆ ಮಾಡುವುದು ಇದನ್ನೇ ಎಂದು ಚಿಕ್ಕಮ್ಮನಿಗೆ ಆಶ್ಚರ್ಯವಾಯಿತು. ಯಂತ್ರ ಜಗ್ಗಲಿಲ್ಲ. ಆಗ ಮೇಷ್ಟ್ರು ನಿಧಾನವಾಗಿ ಉದ್ದಣ್ಣನ ಕಡೆ ತಿರುಗಿ ನೋಡುತ್ತ, ಮೇಜಿನ ಮೇಲಿದ್ದ ಅನುಮತಿ ಪತ್ರವನ್ನು ಮಡಚತೊಡಗಿದರು.

ಉದ್ದಣ್ಣ ಆ ಉರುಳೆಯನ್ನು ಹದಿನೈದು ದಿನದಿಂದ ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ತಲೆ ತಗ್ಗಿಸಿ ನಿಂತ.

“ಸಾರಿ ಸರ್. ನಾನು ಪಕ್ಕದಲ್ಲಿ ನಿಂತಿದ್ದಕ್ಕೇ ಆಗಿರ್ಬೇಕು.”

ಕಾಗದ ಬೆಂಕಿಪೊಟ್ಟಣದಷ್ಟಾಯಿತು. ಚಿಕ್ಕಮ್ಮನಿಗೆ ಅದನ್ನು ನೋಡಲಾಗಲಿಲ್ಲ. ತಾನು ಮಾಡಿದ್ದಕ್ಕೆ ಇನ್ನೊಬ್ಬರ ಮನೆ ಮಗ ತಲೆತಗ್ಗಿಸಿ ನಿಲ್ಲುವುದೆಂದರೇನು. ಊಟದ ಡಬ್ಬಿಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

“ಅವನನ್ನ ನೋಡ್ಬೇಡಿ ಸಾರ್. ಬಿಗಿ ಮಾಡಿದ್ದು ನಾನು. ಬೆಳಿಗ್ಗೆ, ಮೇಜು ಒರೆಸುವಾಗ.”

ಪುಟ್ಟಿ ತಿರುಗಿ ನೋಡಿದಳು. ಬಯ್ಯಲಿಲ್ಲ, ಅಳಲಿಲ್ಲ, ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. “ಚಿಕ್ಕಮ್ಮ, ಎಂಟು ತಿಂಗಳು ಕಾದಿದ್ದೆ ಕಣೇ,” ಎಂದಳು, ಅಷ್ಟೇ. ನಾಲ್ಕು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡಾಗಲೂ ಇದೇ ದನಿ. ಚಿಕ್ಕಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಮೇಷ್ಟ್ರು ಮಾತ್ರ ಮಡಚುವುದನ್ನು ನಿಲ್ಲಿಸಿದ್ದರು. ಯಾವುದರಲ್ಲಿ ಬಿಗಿಮಾಡಿದಿರಿ ಎಂದು ಕೇಳಿದರು. ಚಿಕ್ಕಮ್ಮ ಮನೆಯಿಂದ ಬಿಚ್ಚದೇ ಬಂದಿದ್ದ ಏಪ್ರನ್ನಿನಿಂದ ಅಲೆನ್ ಕೀ ತೆಗೆದು ತೋರಿಸಿದಳು. ಎಷ್ಟು ಬಿಗಿಮಾಡಿದಿರಿ ಎಂದು ಕೇಳಿದರು.

“ಕೈಗೆ ಸಾಕನ್ನಿಸೋವಷ್ಟು.”

ಹದಿನಾರು ಎಂಬ ಅಂಕಿ ಬಂದಿದೆಯೆಂದರೆ ವಜ್ರ ಒಡೆದಿಲ್ಲ ಎಂದಾಯಿತಲ್ಲ ಎಂದು ಮೇಷ್ಟ್ರಿಗೆ ಹೊಳೆದದ್ದು ಆಗ. ಓಡಿಹೋಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಎದ್ದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ಉದ್ದಣ್ಣನನ್ನು ಕರೆದು ತೋರಿಸಿದರು, ಆಪರೇಟರಿಗೆ ತೋರಿಸಿದರು. ತಗಡಿನ ತೂತು ಇಷ್ಟೂ ಬದಿಗೆ ಸರಿಯದೆ ಹುಣ್ಣಿಮೆಯ ಚಂದ್ರನಂತೆ ದುಂಡಗೆ ನಡುವೆಯೇ ಇತ್ತು. ಅವರ ಪ್ರಯೋಗಾಲಯದಲ್ಲಿ ಹತ್ತು ದಾಟುವಷ್ಟರಲ್ಲಿ ಅದು ಯಾವಾಗಲೂ ಮೊಟ್ಟೆಯ ಆಕಾರಕ್ಕೆ ಬಂದು ಒಂದು ಬದಿಗೆ ಓಡಿಹೋಗುತ್ತಿತ್ತಂತೆ. ಯಾರು ಕಲಿಸಿದರು ಎಂದು ಮೇಷ್ಟ್ರು ಕೇಳಿದರು. ಚಕ್ರ ಕಲಿಸಿತು ಎಂದಳು ಚಿಕ್ಕಮ್ಮ, ಅಳುದನಿಯಲ್ಲಿ.

ಹೇಗೂ ಬಂದಾಗಿದೆ, ಒಂದು ಚಿತ್ರ ತೆಗೆಯೋಣ ಎಂದು ಉರುಳೆಯನ್ನು ಸೀಸದ ಕೋಣೆಯಲ್ಲಿಟ್ಟು ಎಲ್ಲರೂ ಹೊರಗೆ ಬಂದರು. ಗಂಟೆ ಬಡಿದು ಬಾಗಿಲು ಮುಚ್ಚಿತು. ಎಕ್ಸ್‌ರೇ ಹರಳನ್ನು ಹಾದು ಪರದೆಯ ಮೇಲೆ ಚುಕ್ಕಿಗಳಾಗಿ ಬೀಳುತ್ತದೆ. ಗೂಡುಗಳು ಡೊಂಕಾಗಿದ್ದರೆ ಕೆಲವು ಚುಕ್ಕಿಗಳು ಒಂದಕ್ಕೊಂದು ಅಂಟಿದ ಜೋಡಿಗಳಾಗಿ ಬೀಳುತ್ತವೆ, ನೆಟ್ಟಗಾದರೆ ಜೋಡಿ ಕೂಡಿ ಒಂದಾಗುತ್ತದೆ. ಉದ್ದಣ್ಣ ಮೂಗು ಪರದೆಗೆ ತಾಗುವಷ್ಟು ಬಗ್ಗಿ ಎಣಿಸಿದ. ಮೂರು ಸಲ ಎಣಿಸಿದ. ಒಂದೇ ಒಂದು ಜೋಡಿಯೂ ಇರಲಿಲ್ಲ. ಹರಳಿನೊಳಗಿನ ಗೂಡುಗಳೆಲ್ಲ ಕವಾಯತಿನ ಪೊಲೀಸರಂತೆ ಸೆಟೆದು ನಿಂತಿದ್ದವು. ಮೇಷ್ಟ್ರು ಅನುಮತಿ ಪತ್ರವನ್ನು ಬಿಡಿಸಿ, ತೊಡೆಯ ಮೇಲಿಟ್ಟು ಸವರಿದರು.

ಪುಟ್ಟಿ ನೆಲದಿಂದ ಎದ್ದಿದ್ದಳು, ಮುಖ ಮಾತ್ರ ಗಂಟು. ನೆಟ್ಟಗಾದದ್ದು ಸರಿ, ಆದರೆ ಯಾವಾಗ ನೆಟ್ಟಗಾಯಿತು? ಬೇಕಾದದ್ದು ಅದು. ದಾರಿಯಲ್ಲಿನ ಒಂದು ಹೆಜ್ಜೆಯೂ ತಮ್ಮ ಹತ್ತಿರ ಇಲ್ಲ ಎಂದಳು. ಆ ಮಾತಿಗೆ ಎಲ್ಲರೂ ಸಪ್ಪಗಾದರು.

“ಹತ್ತಿದವರು ಇಳೀಲೇಬೇಕಲ್ಲ,” ಎಂದಳು ಚಿಕ್ಕಮ್ಮ. “ನಾನು ಎಂಟನೇ ಒಂದು ತಿರುವಿನ ಹಾಗೆ ಸಡಿಲ ಮಾಡ್ತಾ ಬರ್ತೀನಿ. ನೀವು ನೋಡ್ತಾ ಬನ್ನಿ. ಡೊಂಕು ಎಲ್ಲಿ ಶುರುವಾಗುತ್ತೋ ಅಲ್ಲೇ ಅಲ್ವ ಹೋಗಿದ್ದು?”

ಇಳಿಯುವಾಗ ಹರಳುಗಳು ಸೋಮಾರಿತನ ಮಾಡುವುದುಂಟು, ಹತ್ತುವಾಗಿನ ಜಾಗದಲ್ಲೇ ಬದಲಾಗಬೇಕೆಂದಿಲ್ಲ ಎಂದು ಮೇಷ್ಟ್ರು ಅನುಮಾನಿಸಿದರು. ಹಾಗಾದರೆ ಇಳಿಸಿ ಮತ್ತೆ ಹತ್ತಿಸುತ್ತೇನೆ, ನನಗೇನು ಕೈ ಸವೆಯುತ್ತದೆಯೇ ಎಂದಳು ಚಿಕ್ಕಮ್ಮ. ಪುಟ್ಟಿ ಮೇಷ್ಟ್ರನ್ನು ನೋಡಿದಳು, ಮೇಷ್ಟ್ರು ಪುಟ್ಟಿಯನ್ನು ನೋಡಿದರು. ಆಪರೇಟರ್ ಚಿಕ್ಕಮ್ಮನಿಗೆ ಒಂದು ಬಿಳಿ ಕೋಟು ತಂದುಕೊಟ್ಟಳು.

ಹಾಗೆ ಇಳಿಕೆ ಶುರುವಾಯಿತು. ಚಿಕ್ಕಮ್ಮ ನಾಲ್ಕು ಸ್ಕ್ರೂ ತಿರುಗಿಸುವಳು, ಮಾಣಿಕ್ಯ ನೋಡಿ ಅಂಕಿ ಕೂಗುವರು, ಗಂಟೆ ಬಡಿಯುವುದು, ಚುಕ್ಕಿ ಬೀಳುವುದು. ಹದಿನೈದು. ಹದಿನಾಲ್ಕು ಚಿಲ್ಲರೆ. ಹದಿಮೂರು. ಚುಕ್ಕಿಗಳು ಮಿಸುಕಲಿಲ್ಲ. ಹನ್ನೆರಡರಲ್ಲಿ ಒಂದು ಚುಕ್ಕಿ ಕೊಂಚ ದಪ್ಪಗಾದಂತೆ ಕಂಡಿತು. ನಿಜವೋ ಭ್ರಮೆಯೋ ಎಂದು ಪುಟ್ಟಿಗೂ ಉದ್ದಣ್ಣನಿಗೂ ವಾದವಾಯಿತು. ಹನ್ನೊಂದಕ್ಕೆ ಇಳಿಸುತ್ತಲೇ ಅದು ನಡುವೆ ಸೀಳಿ ಎರಡಾಯಿತು. ಪುಟ್ಟಿ ಗೆದ್ದಳು. ಗೂಡುಗಳು ಮತ್ತೆ ಸೊಟ್ಟಗೆ ವಾಲಿಕೊಂಡಿದ್ದವು. ಒಳ್ಳೆಯ ಅಭ್ಯಾಸ ಬಿಡಲು ಎಷ್ಟು ಹೊತ್ತು ಬೇಕು ಎಂದಳು ಚಿಕ್ಕಮ್ಮ.

ಈ ನಡುವೆ ಒಂದು ಅವಘಡವೂ ಆಯಿತು. ಒಂದೊಂದು ಚಿತ್ರಕ್ಕೂ ಇಪ್ಪತ್ತು ನಿಮಿಷ ಕಾಯಬೇಕಿತ್ತು, ಆ ಇಪ್ಪತ್ತು ನಿಮಿಷ ಚಿಕ್ಕಮ್ಮನ ಕೈಗೆ ಕೆಲಸವಿರಲಿಲ್ಲ. ಆಪರೇಟರ್ ಹೆಂಗಸಿನ ಕಿರುಗುಟ್ಟುವ ಕುರ್ಚಿ ಸರಿಮಾಡಿದಳು. ಮೇಷ್ಟ್ರ ಕನ್ನಡಕದ ಕಡ್ಡಿ ಬಿಗಿದಳು. ಊಟದ ಕೋಣೆಯ ಬಾಗಿಲ ಹಿಡಿ ಲೊಡಲೊಡ ಅನ್ನುತ್ತಿತ್ತು, ಅದನ್ನೂ ಬಿಡಲಿಲ್ಲ. ಅದು ಲೊಡಲೊಡ ಅನ್ನುತ್ತಿದ್ದರಿಂದಲೇ ಬಾಗಿಲು ತೆರೆಯುತ್ತಿತ್ತು ಎನ್ನುವುದು ಎಲ್ಲರೂ ಒಳಗೆ ಊಟಕ್ಕೆ ಕೂತು ಬಾಗಿಲು ಹಾಕಿಕೊಂಡ ಮೇಲೆ ತಿಳಿಯಿತು. ಅಲೆನ್ ಕೀಗಳ ಗೊಂಚಲು ಹೊರಗೆ ಬಿಳಿ ಕೋಟಿನ ಜೇಬಿನಲ್ಲಿತ್ತು. ನಾಲ್ವರು ವಿದ್ಯಾವಂತರು ಮತ್ತು ಒಬ್ಬ ಮೆಕ್ಯಾನಿಕ್ ಅರ್ಧ ಗಂಟೆ ಒಳಗೆ ಸಿಕ್ಕಿಬಿದ್ದರು. ಕಡೆಗೆ ಉದ್ದಣ್ಣ ಕುರ್ಚಿ ಹತ್ತಿ, ಬಾಗಿಲ ಮೇಲಿನ ಗಾಳಿಕಿಂಡಿಯಿಂದ ತಲೆ ಹೊರಗೆ ಹಾಕಿ ಕಾವಲುಗಾರನನ್ನು ಕರೆದ. ಜೀವಮಾನದಲ್ಲಿ ಮೊದಲ ಸಲ ಅವನ ಎತ್ತರವನ್ನು ಯಾರೋ ಹೊಗಳಿದ್ದು ಅಂದು.

ಆ ಅರ್ಧ ಗಂಟೆಯಲ್ಲೇ ಪುಟ್ಟಿಯ ಸಿಟ್ಟೂ ಇಳಿಯಿತು. ಮೊದಲು ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದಳು. ಬಾಗಿಲು ತೆರೆಯದು ಎಂದು ಗೊತ್ತಾಗಿ ಮೇಷ್ಟ್ರು ಚಮಚದಿಂದ ಹಿಡಿಯನ್ನು ಮೀಟತೊಡಗಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ, ತುತ್ತು ನೆತ್ತಿಗೇರಿತು. ಚಿಕ್ಕಮ್ಮ ಬೆನ್ನು ಸವರಿದಳು. ಪುಟ್ಟಿ ಆ ಕೈಯನ್ನು ತಳ್ಳಲಿಲ್ಲ. ಕೆಮ್ಮು ನಿಂತ ಮೇಲೆ, ನೀನು ಬಸ್ಸಿನಲ್ಲೇ ಹೇಳಬಹುದಿತ್ತು ಎಂದಳು. ಹೆದರಿಕೆಯಾಯಿತು ಎಂದಳು ಚಿಕ್ಕಮ್ಮ. ಚಿಕ್ಕಮ್ಮನಿಗೂ ಹೆದರಿಕೆಯಾಗುತ್ತದೆ ಎನ್ನುವುದು ಪುಟ್ಟಿಗೆ ಹೊಸ ಸುದ್ದಿ. ತನ್ನ ಡಬ್ಬಿಯಿಂದ ಒಂದು ತುತ್ತು ತೆಗೆದು ಅವಳ ತಟ್ಟೆಗಿಟ್ಟಳು.

ಸಂಜೆಯೊಳಗೆ ಮತ್ತೆ ಮೇಲಕ್ಕೆ ಹತ್ತಿಸಿದ್ದೂ ಆಯಿತು. ಹತ್ತುವಾಗ ಜೋಡಿಗಳು ಒಂದಾದದ್ದು ಹದಿಮೂರರ ಹತ್ತಿರ. ಮೇಷ್ಟ್ರು ಹೇಳಿದ ಸೋಮಾರಿತನ ಇದ್ದದ್ದು ನಿಜ. ಏರಿಕೆ ಇಳಿಕೆ ಎರಡೂ ಒಂದೇ ದಿನದಲ್ಲಿ ಸಿಕ್ಕಿದವು. ಪ್ರಯೋಗಾಲಯಕ್ಕೆ ಮರಳಿ ಅದೇ ರಾಶಿಯ ಇನ್ನೊಂದು ಹರಳಿಗೆ ಕೂದಲಿಗಿಂತ ಸಣ್ಣ ನಾಲ್ಕು ತಂತಿ ಹಚ್ಚಿ, ಒತ್ತಿ, ತಣ್ಣಗೆ ಮಾಡಿ ನೋಡಿದಾಗ ಗೂಡು ಸೆಟೆದ ಮೇಲೆ ಕರೆಂಟಿಗಿದ್ದ ಅಡ್ಡಿ ಇಲ್ಲವಾದದ್ದೂ ಕಂಡಿತು. ಆ ಒತ್ತುವಿಕೆಗೂ ಚಿಕ್ಕಮ್ಮನೇ ರೈಲು ಹತ್ತಿ ಹೋಗಬೇಕಾಯಿತು.

ತೊಡಕಾದದ್ದು ವರದಿ ಬರೆಯುವಾಗ. ಎಷ್ಟು ಬಲ ಹಾಕಿ ತಿರುಗಿಸಿದಿರಿ ಎಂದು ಬರೆಯಬೇಕಲ್ಲ, ಅಳೆಯುವ ಕೀಲಿಯೊಂದನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಅಳೆಯುತ್ತಿದ್ದಾರೆ ಎಂದು ಗೊತ್ತಾದದ್ದೇ ತಡ, ಫೋಟೋಕ್ಕೆ ನಿಂತವರ ನಗುವಿನಂತೆ ಅವಳ ಕೈ ಸೆಟೆದುಹೋಯಿತು. ಕಡೆಗೆ ಉದ್ದಣ್ಣ ಪಕ್ಕದಲ್ಲಿ ಕೂತು, ಚಕ್ರ ಯಾಕೆ ಡೊಂಕಾಗುತ್ತದೆ ಎಂದು ಕೇಳುತ್ತ ಹೋದ. ಅವಳು ಉತ್ಸಾಹದಿಂದ ಹೇಳುತ್ತ ಕೈಯ ಕಡೆ ಗಮನ ಬಿಟ್ಟಳು, ಅಳತೆ ಬಂತು. ಉದ್ದಣ್ಣ ಮಾತ್ರ ಪ್ರಶ್ನೆ ನಿಲ್ಲಿಸಲಿಲ್ಲ. ಅವನಿಗೆ ನಿಜಕ್ಕೂ ಉತ್ತರ ಬೇಕಿತ್ತು.

ಮುಂದಿನ ಶನಿವಾರ ಅವನು ರೈಲು ಹತ್ತಿ ಅಂಗಡಿಗೇ ಬಂದ. ಅದರ ಮುಂದಿನ ಶನಿವಾರವೂ. ಚಿಕ್ಕಮ್ಮ ಅವನಿಗೊಂದು ಗುಜರಿ ಚಕ್ರ ಕೊಟ್ಟು, ಕಣ್ಣು ಮುಚ್ಚಿ ತಿರುಗಿಸು ಎಂದಳು. ಮೊದಲ ತಿಂಗಳು ಅವನು ಸರಿಮಾಡಿದ ಚಕ್ರಗಳು ಮೊದಲಿಗಿಂತ ಹೆಚ್ಚು ಸೊಟ್ಟಗಾದವು. ಒಂದಂತೂ ಎಂಟರ ಆಕಾರಕ್ಕೆ ಬಂತು. ಅದನ್ನು ಅವಳು ಗೋಡೆಗೆ ತೂಗುಹಾಕಿದಳು. ಆರನೆಯ ತಿಂಗಳಲ್ಲಿ ಅವನದೊಂದು ಚಕ್ರ ಸದ್ದಿಲ್ಲದೆ ತಿರುಗಿತು. ಚಿಕ್ಕಮ್ಮ ಅದನ್ನು ಗಿರಾಕಿಯ ಸೈಕಲ್ಲಿಗೆ ಹಾಕಿದಳು.

ಒಂದು ಮಂಗಳವಾರ ಬೆಳಿಗ್ಗೆ, ಅಂಚೆಯವನ ಬ್ರೇಕು ಸರಿಮಾಡುತ್ತಿದ್ದಾಗ ಫೋನು ಬಂತು. ಉದ್ದಣ್ಣನದು. ಮೇಷ್ಟ್ರು ಅವನ ಕೈಗೆ ಉರುಳೆ ಕೊಟ್ಟಿದ್ದರಂತೆ. ಒತ್ತಡ ಹದಿನೆಂಟು ದಾಟಿದೆ, ವಜ್ರ ಎರಡೂ ಹಾಗೇ ಇವೆ ಎಂದ. ಅಷ್ಟು ಹೇಳಿ ಸುಮ್ಮನಾದ. ಚಿಕ್ಕಮ್ಮ ಹಲೋ ಹಲೋ ಎಂದಳು. ಆ ಕಡೆಯಿಂದ ಮೂಗು ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಅಂಚೆಯವನು ಗಡಿಯಾರ ನೋಡಿಕೊಂಡ. ಚಿಕ್ಕಮ್ಮ ಗ್ರೀಸ್ ಮೆತ್ತಿದ ಕೈಯಿಂದ ಅವನಿಗೆ ಕೂರಲು ಸನ್ನೆ ಮಾಡಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಉದ್ದಣ್ಣ ಅತ್ತು ಮುಗಿಸುವವರೆಗೆ ಸುಮ್ಮನೆ ನಿಂತಿದ್ದಳು.